ನೀರು ಬೆರೆಸಿದ ಮಾತು

“ಹೂಂ, ಏನಂತಾರೆ ಹೇಳಿ,” ಎಂದರು ಅಧ್ಯಕ್ಷರು.

ಆದರೆ ಮೇಜಿನ ಮುಂದೆ ನಿಂತಿದ್ದ ಹೆಂಗಸು ಇನ್ನೂ ಮಾತು ಮುಗಿಸಿರಲಿಲ್ಲ. ಅವಳ ಮಾತನ್ನು ಸಭೆಗೆ ದಾಟಿಸಬೇಕಿದ್ದ ಸದಸ್ಯ, ಊರಿನವರ ಬಾಯಲ್ಲಿ ಮೂಲಂಗಿ, ಅವಳತ್ತ ಅಂಗೈ ತೋರಿಸಿ, ಸಾಕು ತಂಗಿ, ಎಂದು ಸನ್ನೆ ಮಾಡಿದ. ಅವಳು ಸನ್ನೆಯನ್ನು ನೋಡಿದಳು, ನಿಲ್ಲಿಸಲಿಲ್ಲ.

“ಈರುಳ್ಳಿ ಇನ್ನೂ ಗಡ್ಡೆ ಕಟ್ಟಿಲ್ಲ ಕಣಣ್ಣ. ಹದಿನೈದು ದಿನದಲ್ಲಿ ಕಿತ್ಕೊಂಡು ಹೋಗಿ ಅನ್ನೋದು, ಬಸುರಿಗೆ ಐದನೇ ತಿಂಗಳಲ್ಲೇ ಹೆತ್ತು ಮುಗಿಸು ಅಂದ ಹಾಗೆ. ಹೇಳು ಅವರಿಗೆ. ಇದೇ ಆಫೀಸು ಕೊಟ್ಟ ಚೀಟಿ ಹನ್ನೊಂದು ಮನೆಗೂ ಇದೆ. ವರ್ಷ ಮುಗಿಯೋವರೆಗೆ ಉಳ್ಕೊಳ್ಳಿ ಅಂತ ಮೊಹರು ಒತ್ತಿದ್ದಾರೆ. ಮೊಹರು ಒತ್ತಿದ ಕೈಯೇ ಕತ್ತು ಹಿಡಿದು ದಬ್ಬುತ್ತಾ? ಈರುಳ್ಳಿ ಏಳೋವರೆಗೆ ನಾವೂ ಏಳಲ್ಲ. ಯಂತ್ರ ತರ್ತಾರಾ, ತರಲಿ. ನಾವು ಸಾಲಲ್ಲೇ ನಿಂತಿರ್ತೀವಿ. ಇಷ್ಟನ್ನೂ ಹೇಳಣ್ಣ. ಒಂದೂ ಬಿಡಬೇಡ.”

ಪುರಸಭೆಯ ಸಭಾಂಗಣದಲ್ಲಿ ಕುಳಿತ ಹದಿಮೂರು ಸದಸ್ಯರಲ್ಲಿ ಆ ಭಾಷೆ ಬರುತ್ತಿದ್ದುದು ಮೂಲಂಗಿಗೆ ಮಾತ್ರ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ಗಂಟಲು ಸರಿಪಡಿಸಿಕೊಂಡ.

“ಅಧ್ಯಕ್ಷರೇ, ಇಷ್ಟು ಕಾಲ ಹೊಳೆದಂಡೆಯ ಜಾಗ ಕೊಟ್ಟಿದ್ದಕ್ಕೆ ಈ ಊರಿಗೆ ಋಣಿಯಾಗಿದ್ದೀವಿ ಅಂತಾರೆ. ಬೆಳೆ ಇನ್ನೂ ಎಳೇದಂತೆ. ನಾಲ್ಕು ದಿನ ಹೆಚ್ಚಿಗೆ ಸಿಕ್ಕರೆ ಉಪಕಾರ ಆಗುತ್ತೆ, ಆಮೇಲೆ ಯಾವ ತಕರಾರೂ ಇಲ್ಲದೆ ಬಿಟ್ಟುಕೊಡ್ತೀವಿ ಅಂತಾರೆ.”

“ಅಷ್ಟುದ್ದ ಹೇಳಿದ್ದು ಇಷ್ಟೇನಾ?” ಎಂದ ಎರಡನೇ ಸಾಲಿನ ಔಷಧಿ ಅಂಗಡಿಯವ.

“ನಮ್ಮ ಭಾಷೆ ಸ್ವಲ್ಪ ಉದ್ದ ಸ್ವಾಮಿ,” ಎಂದ ಮೂಲಂಗಿ. ನಗು ಎದ್ದಿತು. ಹೆಂಗಸೂ ಏನೆಂದು ತಿಳಿಯದೆ ಅರ್ಧ ನಕ್ಕಳು.

ಅಧ್ಯಕ್ಷರಿಗೆ ಸಮಾಧಾನವಾಯಿತು. ಅವರೇನು ಕಲ್ಲೆದೆಯವರಲ್ಲ. “ನೋಡಿ, ನನಗೂ ಖುಷಿಯಿಂದ ಮಾಡೋ ಕೆಲಸ ಅಲ್ಲ ಇದು,” ಎಂದು ಆ ಹೆಂಗಸಿಗೇ ಹೇಳುವಂತೆ ಹೇಳಿದರು. “ಲಾರಿಗಳು ಶಾಲೆ ಬೀದೀಲಿ ನಿಲ್ತಿವೆ. ಹೋದ ತಿಂಗಳು ಒಂದು ಲಾರಿ ಹಿಂದಕ್ಕೆ ಬಂದು ಶಾಲೆ ಗೋಡೆ ಬಿತ್ತು. ಬೆಳಗಿನ ಹೊತ್ತಾಗಿದ್ದಿದ್ರೆ ಗೋಡೆ ಆಚೆ ಮಕ್ಕಳಿರ್ತಿದ್ರು. ಲಾರಿ ನಿಲ್ಲಿಸೋಕೆ ಊರಲ್ಲಿ ಇರೋದು ಆ ಹೊಳೆದಂಡೆ ಒಂದೇ. ಆಯ್ತು, ಇಷ್ಟು ಮರ್ಯಾದೆಯಿಂದ ಕೇಳ್ತಿದ್ದಾರೆ. ಹದಿನೈದಕ್ಕೆ ಇನ್ನೈದು ಸೇರಿಸೋಣ. ಬರ್ಕೊಳ್ಳಿ ಗುಮಾಸ್ತರೇ.”

ಗುಮಾಸ್ತರು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಯಾರೋ ಚಪ್ಪಾಳೆ ತಟ್ಟಿದರು.

“ಏನಂದ್ರಣ್ಣ?” ಎಂದಳು ಹೆಂಗಸು.

“ಯೋಚನೆ ಮಾಡ್ತಾರಂತೆ. ಇನ್ನೂ ದಿನ ಕೊಡ್ತಾರಂತೆ. ಹೆದರಬೇಡ.”

ಅವಳು ಹದಿಮೂರು ಜನಕ್ಕೂ ಕೈಮುಗಿದು, ಕೊನೆಗೆ ಮೂಲಂಗಿಗೆ ಇನ್ನೊಮ್ಮೆ ಕೈಮುಗಿದು ಹೊರಟಳು. ಅವಳು ಹೋದ ದಾರಿಯನ್ನು ನೋಡುವಾಗ ಮೂಲಂಗಿಗೆ ಸಾರ್ವಜನಿಕರ ಬೆಂಚಿನ ತುದಿಯಲ್ಲಿ ತನ್ನ ಹೆಂಡತಿ ಕಂಡಳು. ಮನೆಯಲ್ಲಿ ಮರೆತು ಬಂದಿದ್ದ ಅವನ ಕನ್ನಡಕದ ಡಬ್ಬಿ ಹಿಡಿದು ಕುಳಿತಿದ್ದಳು. ಅವಳಿಗೂ ಎರಡೂ ಭಾಷೆ ಬರುತ್ತಿತ್ತು. ಅವಳು ಅವನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು.

ಇಪ್ಪತ್ತಾರು ವರ್ಷದ ಹಿಂದೆ ಗಂಡಹೆಂಡಿರಿಬ್ಬರೂ ಎರಡು ಚೀಲ ಬಟ್ಟೆ, ಒಂದು ಗುದ್ದಲಿಯೊಂದಿಗೆ ಗಡಿ ದಾಟಿ ಈ ಊರಿಗೆ ಬಂದಿದ್ದರು. ಯಾರಿಗೂ ಬೇಡವಾದ ಕಲ್ಲುಜಾಗ ಗೇಣಿಗೆ ಸಿಕ್ಕಿತು. ಅಲ್ಲಿ ಮೊದಲ ವರ್ಷ ಮೂಲಂಗಿ ಬಿಟ್ಟು ಬೇರೇನೂ ಬರಲಿಲ್ಲ. ಅದನ್ನೇ ತಲೆಯ ಮೇಲೆ ಹೊತ್ತು ಬೀದಿ ಬೀದಿ ಮಾರಿದ. ಊರಿನವರ ನಾಲಿಗೆಗೆ ಅವನ ಹೆಸರು ಒಗ್ಗಲಿಲ್ಲ, ಮೂಲಂಗಿ ಒಗ್ಗಿತು. ಕಲ್ಲು ಹೆಕ್ಕಿ ಹೆಕ್ಕಿ ಜಾಗ ಹೊಲವಾಯಿತು, ಗೇಣಿ ಸ್ವಂತವಾಯಿತು, ಮೂಲಂಗಿ ಮೂಲಂಗಿಯವರಾಯಿತು. ಚುನಾವಣೆಗೆ ನಿಂತಾಗ ಎದುರಾಳಿ, “ಮೂಲಂಗಿ ತಿಂದ ತೇಗು ಪುರಸಭೆಗೆ ಬೇಕಾ?” ಎಂದು ಭಾಷಣ ಮಾಡಿದ. “ತೇಗು ಬರ್ಬೇಕಾದ್ರೆ ಮೊದಲು ಹೊಟ್ಟೆ ತುಂಬಬೇಕಲ್ಲ ಸ್ವಾಮಿ,” ಎಂದ ಇವನು. ಆ ಒಂದು ಮಾತಿಗೇ ಗೆದ್ದ ಎಂದು ಈಗಲೂ ಹೇಳುವವರಿದ್ದಾರೆ.

ಅವನು ಗೆದ್ದದ್ದು ಅದರಿಂದಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹೊಸದಾಗಿ ಗಡಿ ದಾಟಿ ಬಂದವರಿಗೆಲ್ಲ ಅವನೇ ನಾಲಿಗೆ. ಆಸ್ಪತ್ರೆಗೆ, ಶಾಲೆಗೆ, ಠಾಣೆಗೆ ಅವನನ್ನೇ ಕರೆಯುತ್ತಿದ್ದರು. ಅವನು ಹೋಗಿ ಎರಡೂ ಕಡೆಯ ಮಾತನ್ನು ಹದ ಮಾಡಿ ದಾಟಿಸುತ್ತಿದ್ದ. ಒಮ್ಮೆ ಆಸ್ಪತ್ರೆಯಲ್ಲಿ ಒಬ್ಬ ತಂದೆ ಮೇಜು ಗುದ್ದಿ, “ನನ್ನ ಕೂಸು ಸಾಯ್ತಿದೆ, ನೀವು ಹರಟೆ ಹೊಡೀತಾ ಕೂತಿದ್ದೀರಾ ಕೊಲೆಗಡುಕರಾ,” ಎಂದು ಕೂಗಿದ. “ದಯವಿಟ್ಟು ಸ್ವಲ್ಪ ಬೇಗ ನೋಡಿ ಅಂತಾರೆ ಸಿಸ್ಟರ್,” ಎಂದ ಮೂಲಂಗಿ. ಅವರು ಬೇಗ ನೋಡಿದರು, ಕೂಸು ಬದುಕಿತು. ಶಾಲೆಯ ಮೇಷ್ಟ್ರು, “ನಿಮ್ಮ ಹುಡುಗ ಅಪ್ಪಟ ಕತ್ತೆ,” ಎಂದದ್ದು ತಾಯಿಯ ಕಿವಿಗೆ, “ಇನ್ನೂ ಸ್ವಲ್ಪ ಗಮನ ಕೊಡಬೇಕಂತೆ,” ಎಂದಾಗಿ ತಲುಪಿತು. ಖಾರ ಜಾಸ್ತಿಯಾದರೆ ನೀರು ಬೆರೆಸಬೇಕು, ಅಷ್ಟೇ ತಾನೆ. ಎರಡೂ ಕಡೆಯವರು ಅವನನ್ನು ಒಳ್ಳೆಯವನೆಂದರು. ಬರಬರುತ್ತ ಅವನಿಗೆ ಬೆರೆಸುತ್ತಿದ್ದೇನೆಂಬ ನೆನಪೂ ಇರುತ್ತಿರಲಿಲ್ಲ.

ಮುಂದಿನ ಸಭೆಯಲ್ಲಿ ಅವನನ್ನು ಉಪಾಧ್ಯಕ್ಷನನ್ನಾಗಿ ಆರಿಸುವುದೆಂದು ಮಾತಾಗಿತ್ತು.

ಆ ದಿನ ಗಂಡಹೆಂಡಿರು ಮನೆಗೆ ನಡೆದೇ ಹೊರಟರು. ಲಾರಿಗಳು ಸಾಲಾಗಿ ನಿಂತ ಶಾಲೆಯ ಬೀದಿ ದಾಟುವವರೆಗೆ ಅವಳು ತುಟಿ ಬಿಚ್ಚಲಿಲ್ಲ.

“ಏನು, ಬಾಯಿಗೆ ಬೀಗ?” ಎಂದ.

“ಬೀಗ ಹಾಕ್ಕೊಂಡ್ರೆ ವಾಸಿ. ನಿಮ್ಮ ಹಾಗೆ ತೆಗೆದು ಬೇರೇದು ಹೇಳೋದಕ್ಕಿಂತ.”

“ಅದನ್ನ ಅದೇ ಥರ ಹೇಳಿದ್ರೆ ಏನಾಗ್ತಿತ್ತು ಗೊತ್ತೇನೇ? ಐದು ದಿನ ಇರಲಿ, ಐದು ನಿಮಿಷ ಸಿಗ್ತಿರಲಿಲ್ಲ. ‘ನಿಮ್ಮ ಜನ ಹೀಗೇ’ ಅಂತ ಶುರು ಹಚ್ಕೊಳ್ತಿದ್ರು. ತಗ್ಗಿ ನಡೆದಿದ್ದಕ್ಕೇ ನಾವು ಇಷ್ಟು ದೂರ ಬಂದಿದ್ದು.”

“ಐದು ದಿನಕ್ಕೆ ಈರುಳ್ಳಿ ಬಲಿಯುತ್ತೇನ್ರೀ?”

ಮೂಲಂಗಿ ಹೆಜ್ಜೆ ಚುರುಕು ಮಾಡಿದ.

“ರೈತ ನೀವು. ನೀವೇ ಹೇಳಿ, ಎಷ್ಟು ದಿನ ಬೇಕು?”

“ಇನ್ನೊಂದು ನಲವತ್ತು.”

“ಮತ್ತೆ?” ಎಂದಳು. ಸ್ವಲ್ಪ ದೂರ ನಡೆದ ಮೇಲೆ, “ಆವತ್ತು ಆಸ್ಪತ್ರೇಲಿ ಸುಳ್ಳು ಹೇಳಿದ್ರಿ, ಒಂದು ಕೂಸು ಬದುಕ್ತು. ನಾನೇನಾದ್ರೂ ಅಂದ್ನಾ? ಇವತ್ತು ಹೇಳಿದ್ದಕ್ಕೆ ಯಾರು ಬದುಕಿದ್ರು? ಉಪಾಧ್ಯಕ್ಷರು.”

“ಏಯ್, ಬೀದೀಲಿ ಬೇಡ.”

“ಮನೇಲಿ ಹೇಳಿದ್ರೆ ಕೇಳ್ತೀರಾ? ಮನೇಲಿ ನೀವು ಪೇಪರ್ ಓದ್ತೀರಿ.”

ಮಾರನೆಯ ಬೆಳಗ್ಗೆ ಅವನು ಯಾರಿಗೂ ಹೇಳದೆ ಹೊಳೆದಂಡೆಗೆ ಹೋದ. ಮೊದಲು ಊರಿನ ಕಸ ಸುರಿಯುತ್ತಿದ್ದ ಜಾಗ ಅದು. ಹನ್ನೊಂದು ಮನೆಯವರು ಗಾಜಿನ ಚೂರು ಆರಿಸಿ, ತಗಡು ಕಿತ್ತು, ಹೊಳೆಯ ಗೋಡುಮಣ್ಣು ಹೊತ್ತು ತಂದು ಹಾಸಿ ಹೊಲ ಮಾಡಿದ್ದರು. ಈಗ ಅಂಚಿನಿಂದ ಅಂಚಿಗೆ ಈರುಳ್ಳಿಯ ಮಡಿಗಳು. ಅಭ್ಯಾಸಬಲದಿಂದ ಅವನು ಬಗ್ಗಿ ಒಂದು ಗಿಡದ ಬುಡವನ್ನು ಎರಡು ಬೆರಳಲ್ಲಿ ಒತ್ತಿ ನೋಡಿದ. ಕುತ್ತಿಗೆ ಇನ್ನೂ ಬಿರುಸಾಗಿತ್ತು, ಕೆಳಗೆ ಗೋಲಿಯಷ್ಟು ಗಡ್ಡೆ. ಒಳ್ಳೆಯ ತಳಿ, ಒಳ್ಳೆಯ ಕೈ. ನಲವತ್ತು ದಿನ ಬಿಟ್ಟರೆ ಮುಷ್ಟಿ ಗಾತ್ರ ಆಗುತ್ತಿತ್ತು.

ಗೊಬ್ಬರದ ವಾಸನೆ ಬಂತು. ತಲೆಯೆತ್ತಿ ನೋಡಿದರೆ ಹನ್ನೊಂದು ಮನೆಯವರೂ ಬುಟ್ಟಿ ಹೊತ್ತು ಮಡಿಗಳಿಗೆ ಗೊಬ್ಬರ ಹಾಕುತ್ತಿದ್ದರು. ನಿನ್ನೆಯ ಹೆಂಗಸು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಓಡಿಬಂದಳು.

“ಬಾರಣ್ಣ! ನೋಡು, ದಿನ ಕೊಡ್ತಾರೆ ಅಂದ್ಯಲ್ಲ, ಎರಡನೇ ಗೊಬ್ಬರ ಹಾಕೇಬಿಡೋಣ ಅಂತ ಹೇಳ್ದೆ ಎಲ್ಲರಿಗೂ. ಹಾಕೋದೋ ಬೇಡವೋ ಅಂತ ಜಗಳ ಆಡ್ತಿದ್ರು. ಮೂಲಂಗಿಯಣ್ಣ ಹೇಳಿದ್ದಾನೆ ಅಂದೆ, ಬಾಯಿ ಮುಚ್ಕೊಂಡ್ರು. ಮನೆಯಲ್ಲಿದ್ದ ಗೊಬ್ಬರ ಎಲ್ಲಾ ಖಾಲಿ.” ಅವಳು ಎಳೆಯ ಈರುಳ್ಳಿ ಸೊಪ್ಪಿನ ಕಂತೆಯೊಂದನ್ನು ಅವನತ್ತ ಚಾಚಿದಳು. “ಅತ್ತಿಗೆಗೆ ಕೊಡು. ಬೇರೇನೂ ಇಲ್ಲ ಕೊಡೋಕೆ.”

ಅವನ ಕೈ ಮುಂದೆ ಬರಲಿಲ್ಲ.

“ತಂಗಿ, ನನ್ನ ಹೊಲದಲ್ಲಿ ಬಾವಿ ಪಕ್ಕ ಅರ್ಧ ಎಕರೆ ಖಾಲಿ ಬಿದ್ದಿದೆ. ನೀರು ಚೆನ್ನಾಗಿದೆ. ನೀನು ಅಲ್ಲಿಗೆ ಬಂದುಬಿಡು. ಗೇಣಿ ಗೀಣಿ ಏನೂ ಬೇಡ.”

“ಯಾಕಣ್ಣ? ಇಲ್ಲೇ ಇದೆಯಲ್ಲ.” ಅವಳು ಅವನ ಮುಖ ನೋಡಿದಳು. “ನಾನೊಬ್ಬಳೇನಾ? ಇವರು?”

ಆಗ ಹೇಳಿದ. ನಿಂತಲ್ಲೇ, ನೀರು ಬೆರೆಸದೆ, ತಾನು ಏನೇನು ಬಿಟ್ಟೆ, ಏನೇನು ಸೇರಿಸಿದೆ, ಎಲ್ಲವನ್ನೂ ಹೇಳಿದ. ಸಿಕ್ಕಿದ್ದು ಐದೇ ದಿನ ಎಂಬುದನ್ನೂ, ಬಿಟ್ಟುಕೊಡ್ತೀವಿ ಎಂದದ್ದನ್ನೂ ಕೊನೆಗೆ ಹೇಳಿದ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಕೈಯಲ್ಲಿದ್ದ ಸೊಪ್ಪಿನ ಕಂತೆಯನ್ನು ಮಡಿಯ ಅಂಚಿಗೆ ಇಟ್ಟಳು.

“ಹಾಗಾದ್ರೆ ನಾನು ಹೇಳಿದ್ದೆಲ್ಲ ಎಲ್ಲಿ ಹೋಯ್ತು?” ಎಂದಳು. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. “ಮೂರು ದಿನ ಕಳೆ ಕೀಳ್ತಾ ಕೀಳ್ತಾ ಜೋಡಿಸಿದ ಮಾತು ಅದು. ಯಾವುದು ಮೊದಲು, ಯಾವುದು ಆಮೇಲೆ ಅಂತ.”

“ಒಳ್ಳೇದಾಗಲಿ ಅಂತ…”

“ನಿನಗೆ ಭಾಷೆ ಬರುತ್ತೆ ಅಂತ ನಿನ್ನ ಹತ್ರ ಬರಲಿಲ್ಲ ಅಣ್ಣ. ಭಾಷೆ ಬರೋರು ಬೀಜದ ಅಂಗಡೀಲೂ ಒಬ್ಬ ಇದ್ದಾನೆ. ನಿನಗೆ ಈರುಳ್ಳಿ ಗೊತ್ತು ಅಂತ ಬಂದೆ.”

ಅವಳು ತಿರುಗಿ, “ನಿಲ್ಲಿಸ್ರೋ, ಗೊಬ್ಬರ ಸಾಕು,” ಎಂದು ಕೂಗಿದಳು. ಬುಟ್ಟಿಗಳು ಒಂದೊಂದಾಗಿ ಕೆಳಗಿಳಿದವು. ಅವಳ ಅತ್ತೆ, ಬೆನ್ನು ಬಾಗಿದ ಮುದುಕಿ, ಬುಟ್ಟಿ ಇಳಿಸಲು ಒಪ್ಪದೆ, ಹೊತ್ತು ತಂದ ಮೇಲೆ ಹಾಕಿಯೇ ಬಿಡುತ್ತೇನೆಂದು ಮಡಿಗೆ ಸುರಿದಳು.

ಮೂಲಂಗಿ ಅಲ್ಲಿಂದ ನೇರ ಪುರಸಭೆಗೆ ಹೋದ. ಗುಮಾಸ್ತರು ಕಡತಗಳ ನಡುವೆ ಕುಳಿತು ರಬ್ಬರ್ ಮೊಹರುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದರು.

“ಹೋದ ಸಭೆಯ ನಡಾವಳೀಲಿ ಒಂದು ಮಾತು ತಿದ್ದಬೇಕು,” ಎಂದ.

“ಯಾರ ಮಾತು?”

“ಆ ಹೆಂಗಸಿಂದು. ಅಂದ್ರೆ, ನಾನು ಹೇಳಿದ್ದು.”

ಗುಮಾಸ್ತರು ಬ್ರಷ್ ಕೆಳಗಿಟ್ಟರು. ಚೀಟಿಯ ವಿಷಯ ಕೇಳಿದ ಮೇಲೆ ಕಪಾಟು ತೆಗೆದು, ಹಿಂದಿನ ಅಧ್ಯಕ್ಷರ ಕಾಲದ ಕಟ್ಟೊಂದನ್ನು ಬಿಚ್ಚಿ, ಹನ್ನೊಂದು ನಕಲುಗಳನ್ನೂ ಹುಡುಕಿ ತೆಗೆದರು.

“ಚೀಟಿ ಗಟ್ಟಿ ಇದೆ,” ಎಂದರು. “ವರ್ಷದ ಕೊನೆವರೆಗೆ ಯಾರೂ ಎಬ್ಬಿಸೋ ಹಾಗಿಲ್ಲ. ಒಂದೇ ಒಂದು ದಾರಿ, ಅವರೇ ಒಪ್ಪಿ ಬಿಟ್ಟುಕೊಡಬೇಕು. ಬಿಟ್ಟುಕೊಡ್ತೀವಿ ಅಂತ ಇಲ್ಲಿ ಬರೆದಿದೆ. ನೀವೇ ಹೇಳಿದ್ದು.”

“ಅವಳು ಹಾಗೆ ಹೇಳಲಿಲ್ಲ.”

“ಅದನ್ನ ನನಗೆ ಹೇಳಿದ್ರೆ ಪ್ರಯೋಜನ ಇಲ್ಲ. ಬಾಯಿಂದ ಬಂದಿದ್ದನ್ನ ಆ ಬಾಯೇ ತಿದ್ದಬೇಕು, ಮುಂದಿನ ಸಭೇಲಿ, ಎಲ್ಲರ ಮುಂದೆ. ತಿದ್ದಿದ್ದಕ್ಕೆ ಕಾರಣ ಬರೆಸಬೇಕು.” ಪುಸ್ತಕ ತಿರುಗಿಸಿ ಕೊನೆಯ ಅಂಕಣ ತೋರಿಸಿದರು. “ಹತ್ತೊಂಬತ್ತು ವರ್ಷದಲ್ಲಿ ಇದನ್ನ ತುಂಬಿದೋರು ಇಬ್ಬರೇ. ಒಬ್ಬರು ಜ್ವರ ಇತ್ತು ಅಂತ ಬರೆಸಿದ್ರು. ಇನ್ನೊಬ್ಬರು ಊಟ ಜಾಸ್ತಿಯಾಗಿ ತೂಕಡಿಸಿದ್ದೆ ಅಂತ.”

“ಬೇಕಂತಲೇ ಹೇಳಿದ್ದು ಅಂತ ಬರೆಸಿದ್ರೆ?”

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. “ಗೊತ್ತಿದ್ದೂ ಸಭೆಗೆ ಸುಳ್ಳು ಹೇಳಿದ ಸದಸ್ಯ ಸದಸ್ಯನಾಗಿ ಉಳಿಯಲ್ಲ ಸ್ವಾಮಿ. ಉಪಾಧ್ಯಕ್ಷಗಿರಿ ಆಮೇಲಿನ ಮಾತು.”

ಸಭೆಗೆ ಇನ್ನೂ ಆರು ದಿನವಿತ್ತು. ಆ ಆರು ದಿನ ಮೂಲಂಗಿ ತನ್ನ ಹೊಲದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕೆಲಸ ಮಾಡಿದ. ತೋಡಿದ ಕಾಲುವೆಯನ್ನೇ ಮತ್ತೆ ತೋಡಿದ, ನೆಟ್ಟಗಿದ್ದ ಬದುವನ್ನೇ ಸರಿಪಡಿಸಿದ. ಹೆಂಡತಿ ಮಾತು ತೆಗೆಯಲಿಲ್ಲ. ಒಂದು ಸಂಜೆ ಮಾತ್ರ, ಅವನು ಕಾಲು ತೊಳೆಯುವಾಗ, “ಸದಸ್ಯ ಆಗದೆ ಇದ್ದಾಗ ನಮಗೆ ಊಟ ಸೇರ್ತಿರಲಿಲ್ವೇನ್ರೀ?” ಎಂದು ಕೇಳಿ ಒಳಗೆ ಹೋದಳು.

ಊಟದ ಮಾತಲ್ಲ ಅದು ಎಂದು ಅವನು ಅವಳಿಗೆ ಹೇಗೆ ಹೇಳಬೇಕು? ಪುರಸಭೆಯ ಮೆಟ್ಟಿಲು ಹತ್ತುವಾಗ ಕಾವಲುಗಾರ ಎದ್ದು ನಿಲ್ಲುತ್ತಾನೆ. ಮೊದಲ ವರ್ಷ ಅದೇ ಮೆಟ್ಟಿಲ ಮೇಲೆ ಮೂಲಂಗಿ ಕಟ್ಟು ಇಳಿಸಿದ್ದಕ್ಕೆ ಇನ್ನೊಬ್ಬ ಕಾವಲುಗಾರ ಕಾಲಿನಿಂದ ಒದ್ದು ಉರುಳಿಸಿದ್ದ. ಎದ್ದು ನಿಲ್ಲುವ ಆ ಒಂದು ಕ್ಷಣಕ್ಕಾಗಿ ಮನುಷ್ಯ ಏನೇನು ನುಂಗುತ್ತಾನೆ ಎಂಬುದು ಅವನಿಗೇ ಈಗ ಆಶ್ಚರ್ಯವಾಗುತ್ತಿತ್ತು. ಆದರೂ ಅದು ಬೇಕಿತ್ತು. ಬೇಡವೆಂದು ಸುಳ್ಳು ಹೇಳಿಕೊಳ್ಳಲು ಆಗುತ್ತಿರಲಿಲ್ಲ.

ಸಭೆಯ ದಿನ ಹೊಳೆದಂಡೆಯ ಹೆಂಗಸೂ ಅವಳ ಅತ್ತೆಯೂ ಸಾರ್ವಜನಿಕರ ಬೆಂಚಿನಲ್ಲಿ ಕುಳಿತಿದ್ದರು. ನಡುವೆ ಮೂಲಂಗಿಯ ಹೆಂಡತಿ. ಕರೆತಂದವಳು ಅವಳೇ. ಅಲ್ಲಿ ಆಡುವ ಪ್ರತಿ ಮಾತನ್ನೂ ಆ ಇಬ್ಬರ ಕಿವಿಗೆ ಹಾಕುತ್ತಿದ್ದಳು.

ಉಪಾಧ್ಯಕ್ಷರ ಆಯ್ಕೆ ಮೊದಲ ವಿಷಯವಾಗಿತ್ತು. ಮೂಲಂಗಿ ಎದ್ದು, ಅದಕ್ಕೆ ಮುಂಚೆ ತನ್ನದೊಂದು ತಿದ್ದುಪಡಿ ಇದೆ ಎಂದ. ಗುಮಾಸ್ತರು ಪುಸ್ತಕ ಬಿಚ್ಚಿದರು.

ಅವನು ಆ ಹೆಂಗಸಿನ ಮಾತನ್ನು ಹೇಳಿದ. ಬಸುರಿಯ ಮಾತು ಹೇಳಿದಾಗ ಯಾರೋ ನಕ್ಕು, ಕೂಡಲೇ ನಿಲ್ಲಿಸಿದರು. ಚೀಟಿಯ ಮಾತು, ಮೊಹರಿನ ಮಾತು, ಯಂತ್ರದ ಮುಂದೆ ಸಾಲಲ್ಲಿ ನಿಲ್ಲುವ ಮಾತು. ಅವಳು ಜೋಡಿಸಿದ ಕ್ರಮದಲ್ಲೇ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಅವಳ ದನಿಯಷ್ಟೇ ಏರಿತು. ಇಪ್ಪತ್ತಾರು ವರ್ಷದಲ್ಲಿ ಆ ಊರಿನವರು ಅವನ ಅಂಥ ದನಿಯನ್ನು ಕೇಳಿರಲಿಲ್ಲ.

ಗುಮಾಸ್ತರು ಹನ್ನೊಂದು ನಕಲುಗಳನ್ನು ಅಧ್ಯಕ್ಷರ ಮುಂದಿಟ್ಟರು. ಅಧ್ಯಕ್ಷರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು.

“ಮೊಹರು ನಮ್ಮದೇ,” ಎಂದರು. ಮುಖ ಸಣ್ಣದಾಗಿತ್ತು. “ಇದು ನನಗೆ ಗೊತ್ತಿರಲಿಲ್ಲ. ನಿಜವಾಗಿ ಗೊತ್ತಿರಲಿಲ್ಲ.”

“ಹಾಗಾದ್ರೆ ಹೋದ ವಾರ ಇವರು ಹೇಳಿದ್ದು?” ಎಂದ ಔಷಧಿ ಅಂಗಡಿಯವ. “ಆವತ್ತು ಋಣಿ ಅಂದ್ರು, ಇವತ್ತು ಏಳಲ್ಲ ಅಂತಿದ್ದಾರೆ. ನಾವು ಯಾವುದನ್ನ ನಂಬೋದು?”

“ಕಾರಣ ಬರೆಸಿದ್ರೆ ಗೊತ್ತಾಗುತ್ತೆ,” ಎಂದರು ಗುಮಾಸ್ತರು ಪೆನ್ನು ಹಿಡಿದು.

ಅಧ್ಯಕ್ಷರು ಕುರ್ಚಿಯಿಂದೆದ್ದು ಮೂಲಂಗಿಯ ಬಳಿಗೇ ಬಂದರು. ಅವನ ಹೆಗಲ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ಕಪಟವಿರಲಿಲ್ಲ, ಎಂಟು ವರ್ಷದ ಸ್ನೇಹವಿತ್ತು.

“ಮೂಲಂಗಿಯವರೇ, ನೀವು ಊರು ಬಿಟ್ಟು ಇಪ್ಪತ್ತಾರು ವರ್ಷ ಆಯ್ತು. ಭಾಷೆ ಮರೆತಿದೆ, ಅರ್ಥ ಸರಿಯಾಗಿ ಆಗಲಿಲ್ಲ ಅಂತ ಬರೆಸಿ. ಯಾರು ಬೇಡ ಅಂತಾರೆ? ನಿಮ್ಮ ಸದಸ್ಯತ್ವಕ್ಕೂ ತೊಂದರೆ ಇಲ್ಲ, ಇವತ್ತಿನ ಆಯ್ಕೆಗೂ ತೊಂದರೆ ಇಲ್ಲ.”

“ಹಾಗೆ ಬರೆದರೆ ಈ ತಿದ್ದುಪಡಿ ನಿಲ್ಲಲ್ಲ ಅಧ್ಯಕ್ಷರೇ,” ಎಂದರು ಗುಮಾಸ್ತರು ತಲೆಯೆತ್ತದೆ. “ಭಾಷೆ ಮರೆತೋರು ಇವತ್ತು ಹೇಳಿದ್ದೂ ಅನುಮಾನವೇ. ಹೊರಗಿಂದ ಬೇರೆ ದುಭಾಷಿ ಬಂದು ಕೇಳಬೇಕು. ತಿಂಗಳಾದ್ರೂ ಬೇಕು.”

“ಬರಲಿ. ಅವಸರ ಏನು?”

“ಜಾಗ ಬಿಡೋಕೆ ಕೊಟ್ಟ ಇಪ್ಪತ್ತು ದಿನ ಅಷ್ಟರಲ್ಲಿ ಮುಗಿದಿರುತ್ತೆ.”

ಅಧ್ಯಕ್ಷರು ನಕಲುಗಳತ್ತ ಒಮ್ಮೆ ತಿರುಗಿ ನೋಡಿದರು. “ಅದಕ್ಕೆ ಬೇರೆ ಏನಾದ್ರೂ ಪರಿಹಾರ ನೋಡೋಣ. ಒಬ್ಬ ಒಳ್ಳೆ ಮನುಷ್ಯನ್ನ ಕಳ್ಕೊಳ್ಳೋದು ಯಾಕೆ?” ದನಿ ಇನ್ನೂ ತಗ್ಗಿತು. “ನಾನೇ ಹೇಳ್ತೀನಿ, ಅವರು ಬರ್ಕೊಳ್ತಾರೆ. ನೀವು ಬಾಯೂ ತೆರೆಯೋದು ಬೇಡ. ತಲೆ ಆಡಿಸಿ, ಸಾಕು. ಮರೆತಿದೆ ಅಂತ.”

ಗುಮಾಸ್ತರ ಪೆನ್ನು ಅಂಕಣದ ಮೇಲೆ ಕಾಯುತ್ತಿತ್ತು. ಬೆಂಚಿನಲ್ಲಿ ಹೆಂಡತಿ ಅಧ್ಯಕ್ಷರ ಮಾತನ್ನು ಇಬ್ಬರಿಗೂ ಹೇಳಿ ಮುಗಿಸಿದ್ದಳು. ಮುಂದಿನ ಮಾತು ಅವನಿಂದ ಬರಬೇಕಿತ್ತು. ಮೂವರೂ ಅವನನ್ನು ನೋಡುತ್ತಿದ್ದರು.

“ಬೇಡ,” ಎಂದ ಮೂಲಂಗಿ. “ಒಂದು ಮಾತೂ ಮರೆತಿಲ್ಲ. ಬೇಕಂತಲೇ ಹೇಳಿದ್ದು ಅಂತ ಬರ್ಕೊಳ್ಳಿ.”